ನಮ್ಮವರು ಮರಳಿದ ಮೇಲೆ



ಈ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ನಮ್ಮ ಗೋಕಾಕ ಭಾಗದ ಕಟ್ಟೆಗಳ ಮೇಲೆ ಎರಡೇ ಮಾತಿನಲ್ಲಿ ಮುಗಿದುಹೋಗುವಂಥದು. ಸಾವಿರಾರು ಮೈಲಿ ಆಚೆ ಯಾರೋ ಬಾಂಬಿಗೆ ಸಿಕ್ಕು ಸಾಯುತ್ತಿದ್ದರೆ ಘಟಪ್ರಭೆಯ ದಂಡೆಯವರು ಅದರ ಬಗ್ಗೆ ಬಾಯಿ ತೆರೆಯಬೇಕೆ? ‘ಊರ ಉಸಾಬರಿ ನಮಗ್ಯಾಕ್ರಿ’ ಎಂಬುದು ಒಂದು ಉತ್ತರ. ‘ಪಾಪ, ಅವರೂ ಮನುಷ್ಯಾರಲ್ಲೇನ್ರಿ’ ಎಂಬುದು ಇನ್ನೊಂದು. ಎರಡೂ ಪ್ರಾಮಾಣಿಕವಾದ ಉತ್ತರಗಳೇ. ಎರಡೂ ಸಾಲವು ಎಂಬುದು ನನ್ನ ವಾದ.

ಮೊದಲನೆಯದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಬ್ಬು ಕಳಿಸಿದ ರೈತ ಬಿಲ್ಲಿನ ದಾರಿ ಕಾಯುತ್ತಾನೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿದ ನೆನಪು ಇನ್ನೂ ಹಸಿಯಾಗಿದೆ. ಮೈಮೇಲೆ ತನ್ನದೇ ಗಾಯವಿದ್ದವನಿಗೆ ಪರರ ಗಾಯ ನೋಡು ಎಂದು ಉಪದೇಶ ಮಾಡುವುದು ಹೊಟ್ಟೆ ತುಂಬಿದವರಿಗೆ ಸುಲಭ. ಆದರೆ ಆ ಪ್ರವಾಹದ ದಿನಗಳಲ್ಲಿ ನಾವೇ ಏನನ್ನು ಬಯಸಿದ್ದೆವು? ದೂರದವರು ನಮ್ಮ ಸುದ್ದಿ ಕೇಳಲಿ, ನಮ್ಮ ಊರಿನ ಹೆಸರನ್ನು ಸರಿಯಾಗಿ ಹೇಳಲಿ, ನೀರು ಇಳಿದ ಮೇಲೂ ಮರೆಯದಿರಲಿ ಎಂದು. ಈ ಮೂರು ಬಯಕೆಗಳನ್ನು ನಾನು ಬದಿಗಿಟ್ಟುಕೊಂಡಿದ್ದೇನೆ, ಮುಂದೆ ಬೇಕಾಗುತ್ತವೆ.

ಎರಡನೆಯ ಉತ್ತರದ ತೊಂದರೆ ಬೇರೆ. ‘ಪಾಪ’ ಎನ್ನುವವನು ಎತ್ತರದಲ್ಲಿ ನಿಂತಿರುತ್ತಾನೆ. ತನಗೂ ಆ ಯುದ್ಧಕ್ಕೂ ಸಂಬಂಧವಿಲ್ಲ, ಆದರೂ ಮರುಗುತ್ತಿದ್ದೇನೆ ಎಂಬ ಭಾವ ಅದರಲ್ಲಿದೆ. ಸಂಬಂಧವಿಲ್ಲ ಎಂಬುದೇ ಸುಳ್ಳು. ಈ ನದಿ ದಂಡೆಗೂ ದೂರದ ಯುದ್ಧಗಳಿಗೂ ಒಂದೂವರೆ ಶತಮಾನಕ್ಕಿಂತ ಹಳೆಯ ಲೇವಾದೇವಿ ಇದೆ. ಆದ್ದರಿಂದ ನಾನು ಕರುಣೆಯ ಬದಲು ಲೆಕ್ಕದ ಬಗ್ಗೆ ಮಾತಾಡುತ್ತೇನೆ.

ಲೆಕ್ಕಕ್ಕೆ ಮುಂಚೆ ಒಂದು ಕಥೆಯ ವಿಚಾರ. ಯುದ್ಧವನ್ನು ದೂರದಲ್ಲಿ ಕೂತು ಕೇಳುವ ದೃಶ್ಯ ನಮ್ಮ ಪರಂಪರೆಯ ಅತಿ ದೊಡ್ಡ ಯುದ್ಧಕಥೆಯೊಳಗೇ ಇದೆ. ಹಸ್ತಿನಾವತಿಯ ಅರಮನೆಯಲ್ಲಿ ಕುರುಡು ದೊರೆ, ಎದುರಿಗೆ ಸಂಜಯ. ಟಿವಿಗೆ ಸಂಜಯನನ್ನು ಹೋಲಿಸುವುದು ಸವೆದ ನಾಣ್ಯ. ನನಗೆ ಬೇಕಾದವನು ಧೃತರಾಷ್ಟ್ರ. ಗೀತೆ ಆರಂಭವಾಗುವುದೇ ಅವನ ಪ್ರಶ್ನೆಯಿಂದ, ಆ ಪ್ರಶ್ನೆಯಲ್ಲಿ ಅವನು ತನ್ನವರನ್ನು ಒಂದು ಕಡೆ, ಪಾಂಡವರನ್ನು ಇನ್ನೊಂದು ಕಡೆ ಇಟ್ಟೇ ಕೇಳುತ್ತಾನೆ. ಸ್ವಂತ ತಮ್ಮನ ಮಕ್ಕಳು ಅವನ ಬಾಯಲ್ಲಿ ‘ನನ್ನವರು’ ಆಗುವುದಿಲ್ಲ. ಅವನ ಕಣ್ಣಿನ ಕುರುಡಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ಕಿವಿಯ ಕುರುಡು ಅದಕ್ಕಿಂತ ದೊಡ್ಡದು.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರವಿದೆ, ಅದು ನಮ್ಮ ನದಿಯದೇ. ಘಟಪ್ರಭೆಯ ಗುಂಟ ಮೂಡಲಗಿಯ ಸೀಮೆ ದಾಟಿ ಕೆಳಗೆ ಹೋದರೆ ಮುಧೋಳ. ಹತ್ತನೆಯ ಶತಮಾನದಲ್ಲಿ ಅಲ್ಲಿಯ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ‘ಗದಾಯುದ್ಧ’ವನ್ನು ಬರೆದ. ಅದರಲ್ಲಿ ದುರ್ಯೋಧನ ಸಂಜಯನ ಕೈಹಿಡಿದು ಹೆಣಗಳ ನಡುವೆ ನಡೆದುಬರುತ್ತಾನೆ. ಗುರು ದ್ರೋಣನನ್ನು, ಮಗ ಲಕ್ಷಣಕುಮಾರನನ್ನು, ತಮ್ಮ ದುಶ್ಶಾಸನನನ್ನು, ಗೆಳೆಯ ಕರ್ಣನನ್ನು ಕಂಡು ಅಳುತ್ತಾನೆ. ಇಷ್ಟನ್ನು ಯಾವ ಕವಿಯಾದರೂ ಬರೆದಾನು. ಆದರೆ ರನ್ನನ ದುರ್ಯೋಧನ ಅಭಿಮನ್ಯುವಿನ ಹೆಣದ ಮುಂದೆಯೂ ನಿಲ್ಲುತ್ತಾನೆ. ಅದು ಹಗೆಯ ಮಗ. ಅವನನ್ನು ಕೊಲ್ಲಿಸಿದ ಪಕ್ಷದ ಒಡೆಯ ತಾನೇ. ಅಲ್ಲಿ ನಿಂತು ಆ ಹುಡುಗನನ್ನು ಮೆಚ್ಚಿ ಮಾತಾಡುತ್ತಾನೆ. ಯುದ್ಧ ನಿಲ್ಲಿಸುವ ಮನಸ್ಸು ಅವನಿಗೆ ಆಗಲೂ ಇಲ್ಲ, ರನ್ನ ಅವನನ್ನು ಸಂತನನ್ನಾಗಿ ಮಾಡುವುದಿಲ್ಲ. ಆದರೂ ಆ ಒಂದು ನಿಲುಗಡೆಯಲ್ಲಿ ಧೃತರಾಷ್ಟ್ರನಿಗೆ ಬಾರದ ಒಂದು ವಿದ್ಯೆ ಅವನ ಮಗನಿಗೆ ಬಂದಿದೆ. ಈ ಉಪನ್ಯಾಸದಲ್ಲಿ ಅದನ್ನು ನಾನು ‘ಅಭಿಮನ್ಯುವಿನ ಮುಂದೆ ನಿಲ್ಲುವುದು’ ಎಂದು ಕರೆಯುತ್ತೇನೆ.

ಇನ್ನು ಲೆಕ್ಕ. ಮೊದಲು ಹತ್ತಿಯದು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ದಕ್ಷಿಣದ ರಾಜ್ಯಗಳಲ್ಲಿ ಗುಲಾಮರು ಬೆಳೆಯುತ್ತಿದ್ದ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು; ಉತ್ತರದವರ ಹಡಗುಗಳು ಬಂದರುಗಳನ್ನು ಮುಚ್ಚಿದವು. ಲ್ಯಾಂಕಾಷೈರಿನ ಗಿರಣಿಗಳು ಹತ್ತಿಗಾಗಿ ಬಾಯಿಬಿಟ್ಟಾಗ ದೃಷ್ಟಿ ಹೊರಳಿದ್ದು ನಮ್ಮ ಎರೆಹೊಲಗಳತ್ತ. ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳಲ್ಲಿ 1840ರ ದಶಕದಿಂದಲೇ ಅಮೆರಿಕದ ಹತ್ತಿಯ ತಳಿಯನ್ನು ಬಿತ್ತಿಸುವ ಪ್ರಯತ್ನ ನಡೆದಿತ್ತು. ‘ಧಾರವಾಡ-ಅಮೆರಿಕನ್’ ಎಂದೇ ಅದಕ್ಕೆ ಪೇಟೆಯಲ್ಲಿ ಹೆಸರು. ಯುದ್ಧದ ವರ್ಷಗಳಲ್ಲಿ ಹತ್ತಿಯ ಧಾರಣೆ ಯಾರೂ ಕಂಡು ಕೇಳರಿಯದಷ್ಟು ಏರಿತು. ಆಗಿನ ಮುಂಬಯಿ ಇಲಾಖೆಯ ಗ್ಯಾಝೆಟಿಯರುಗಳು ಆ ಕಾಲದ ಸಿರಿಯನ್ನೂ ಅದರ ಹಿಂದೆಯೇ ಬಂದ ಕುಸಿತವನ್ನೂ ದಾಖಲಿಸಿವೆ. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಬಿತ್ತು, ಮುಂಬಯಿಯ ಷೇರುಪೇಟೆ ಮುಗ್ಗರಿಸಿತು, ಸಾಲ ಮಾಡಿ ಹತ್ತಿ ಬಿತ್ತಿದವರು ಸಾಲದಲ್ಲೇ ಉಳಿದರು.

ಅದೇ ಯುದ್ಧದ ಇನ್ನೊಂದು ತುದಿಯನ್ನು ನೋಡಿ. ಹತ್ತಿ ಇಲ್ಲದೆ ಲ್ಯಾಂಕಾಷೈರಿನ ಗಿರಣಿ ಕಾರ್ಮಿಕರು ಕೆಲಸ ಕಳೆದುಕೊಂಡರು, ಗಂಜಿಕೇಂದ್ರಗಳ ಮುಂದೆ ಸಾಲು ನಿಂತರು. ದಕ್ಷಿಣದವರು ಗೆದ್ದರೆ ಹತ್ತಿ ಬರುತ್ತದೆ, ಕೆಲಸ ಬರುತ್ತದೆ. ಹೀಗಿದ್ದೂ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನಲ್ಲಿ ಸಭೆ ಸೇರಿದ ಕಾರ್ಮಿಕರು ಗುಲಾಮಗಿರಿಯ ವಿರುದ್ಧ ನಿಂತು ಅಬ್ರಹಾಂ ಲಿಂಕನ್‌ಗೆ ಪತ್ರ ಬರೆದರು. ಮುಂದಿನ ಜನವರಿ 19ರಂದು ಲಿಂಕನ್ ಅದಕ್ಕೆ ಉತ್ತರಿಸಿದ. ಲ್ಯಾಂಕಾಷೈರಿನವರೆಲ್ಲ ಹೀಗೇ ಇದ್ದರು ಎನ್ನಲಾಗದು. ದಕ್ಷಿಣದ ಪರ ವಾಲಿದ ಊರುಗಳೂ ಇದ್ದವೆಂದು ಇತಿಹಾಸಕಾರರು ತೋರಿಸಿದ್ದಾರೆ. ಆದರೆ ಹೊಟ್ಟೆಗೆ ಬಿದ್ದ ಏಟನ್ನು ಸಹಿಸಿಯೂ ಕಡಲಾಚೆಯವರ ಪರ ಮಾತಾಡಿದ ಒಂದು ಸಭೆ ನಡೆದದ್ದು ನಿಜ.

ನಮ್ಮ ರೈತನಿಗೆ ಆ ಗುಲಾಮರ ಸುದ್ದಿಯನ್ನು ಯಾರೂ ಹೇಳಿರಲಿಲ್ಲ, ಅವನನ್ನು ದೂರುವುದು ನನ್ನ ಉದ್ದೇಶವಲ್ಲ. ದೂರದ ಯುದ್ಧವೊಂದು ನಮ್ಮ ಹೊಲದ ಧಾರಣೆಯಾಗಿ, ಮಗಳ ಮದುವೆಯಾಗಿ, ಆಮೇಲೆ ಸಾವುಕಾರನ ಖಾತೆಯಾಗಿ ಬಂದು ಹೋಯಿತು, ಆದರೂ ಅದು ಯುದ್ಧವೆಂದು ನಮಗೆ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷಗಳ ನಂತರ, 1885ರ ಸುಮಾರಿಗೆ, ಗೋಕಾಕದ ಜಲಪಾತದ ಪಕ್ಕದಲ್ಲೇ ನೂಲಿನ ಗಿರಣಿ ಎದ್ದಿತು. 52 ಮೀಟರು ಧುಮುಕುವ ನೀರು ಅದರ ಯಂತ್ರ ತಿರುಗಿಸಿತು. ಅಂದಿನಿಂದ ಈ ಊರು ಕಡಲಾಚೆಯ ಪೇಟೆಯ ಏರಿಳಿತವನ್ನು ಸೈರನ್ನಿನಲ್ಲೇ ಕೇಳುತ್ತ ಬಂದಿದೆ. ನೂಲಿನ ಒಂದು ತುದಿ ಹಿಡಿದವರಿಗೆ ಇನ್ನೊಂದು ತುದಿ ದೂರವೆನ್ನಲು ಬಾಯಿ ಬರಬಾರದು.

ಎರಡನೆಯ ಬಾಬತ್ತು ಮನುಷ್ಯರದು. ಬೆಳಗಾವಿ ಎಂದರೆ ಪಲ್ಟಣದ ಊರು. ಈ ಜಿಲ್ಲೆಯ ಹಳ್ಳಿಗಳಿಂದ ತಲೆಮಾರುಗಟ್ಟಲೆ ಸಿಪಾಯಿಗಳು ಹೋಗಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಮರಾಠಾ ಪಲ್ಟಣಗಳು ಮೆಸೊಪೊಟೇಮಿಯಕ್ಕೆ, ಅಂದರೆ ಇಂದಿನ ಇರಾಕಿಗೆ, ಬಸ್ರಾದ ದಾರಿಯಿಂದ ಹೋದವು. ಕೂತ್ ಎಂಬ ಊರಿನಲ್ಲಿ ಅವು ಮುತ್ತಿಗೆಗೆ ಸಿಕ್ಕವು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ, 147 ದಿನ. ಕೊನೆಗೆ ಕುದುರೆ ಹೇಸರಗತ್ತೆಗಳನ್ನು ಕೊಯ್ದು ತಿನ್ನುವ ಗತಿ ಬಂತು. ಶರಣಾದ ಮೇಲೆ ಸೆರೆಯಾಳುಗಳ ದೂರದ ನಡಿಗೆಯಲ್ಲಿ ಸತ್ತವರು ಬಹಳ. ನಮ್ಮ ನೆನಪು ಇಲ್ಲಿಗೆ ನಿಲ್ಲುತ್ತದೆ. ಆದರೆ ಕೂತ್ ಒಂದು ಊರಾಗಿತ್ತು. ಅಲ್ಲಿ ಹೆಂಗಸರು, ಮಕ್ಕಳು, ಅಂಗಡಿಕಾರರು ಇದ್ದರು. ಅದೇ ಮುತ್ತಿಗೆಯಲ್ಲಿ ಅವರೂ ಹಸಿದರು, ಮುತ್ತಿಗೆ ಮುಗಿದ ಮೇಲೆ ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ ಅವರಲ್ಲಿ ಕೆಲವರನ್ನು ತುರ್ಕರು ಕೊಂದರು. ಅವರ ಊರಿಗೆ ಯುದ್ಧವನ್ನು ಹೊತ್ತು ಹೋದವರ ಸಾಲಿನಲ್ಲಿ ಬೆಳಗಾವಿ ಜಿಲ್ಲೆಯವರೂ ಇದ್ದರು. ಇರಾಕಿನ ಹೆಸರು ಪತ್ರಿಕೆಯಲ್ಲಿ ಬಂದಾಗಲೆಲ್ಲ ಅದು ದೂರದ ದೇಶ ಎನ್ನುವ ನಾವು ಈ ಸಾಲನ್ನು ನೆನೆಯುವುದಿಲ್ಲ.

ಮೂರನೆಯದು ಋಣ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಈ ಎಳೆ ಗೋಕಾಕ ತಾಲ್ಲೂಕಿನ ಘಟಪ್ರಭೆ ಎಂಬ ಊರಿನ ಆಸ್ಪತ್ರೆಯ ಅಂಗಳದವರೆಗೆ ಬರುತ್ತದೆ.

ಡಾ. ನಾ.ಸು. ಹರ್ಡೀಕರರನ್ನು ನಾವು ಹಿಂದೂಸ್ತಾನಿ ಸೇವಾದಳದ ಸ್ಥಾಪಕರೆಂದು, 1924ರ ಬೆಳಗಾವಿ ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆಯ ನಾಯಕರೆಂದು, ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮಕ್ಕೆ ಜೀವ ತೇದವರೆಂದು ಬಲ್ಲೆವು. ಅದಕ್ಕಿಂತ ಮುಂಚಿನ ಅವರ ಕೆಲಸ ಅಷ್ಟು ಪ್ರಚಾರದಲ್ಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಅಮೆರಿಕದಲ್ಲಿ ಓದುತ್ತಿದ್ದರು. 1917ರಲ್ಲಿ ಲಾಲಾ ಲಜಪತರಾಯರು ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಂ ರೂಲ್ ಲೀಗ್ ಕಟ್ಟಿದಾಗ ಅವರ ಬಲಗೈಯಾಗಿ ನಿಂತವರು ಹರ್ಡೀಕರರು. ಅವರು ಮಾಡಬೇಕಾಗಿದ್ದ ಕೆಲಸ ಎಂಥದು ಎಂದು ಊಹಿಸಿ: ಭಾರತ ಎಲ್ಲಿದೆ ಎಂದೇ ತಿಳಿಯದ ಜನರ ಮುಂದೆ ನಿಂತು, ಅಲ್ಲಿ ನಮ್ಮವರು ಹೀಗೆ ನರಳುತ್ತಿದ್ದಾರೆ, ನೀವು ದನಿ ಎತ್ತಿ ಎಂದು ಕೇಳುವುದು. ಅಂದು ದೂರದವರು ನಾವು. ‘ಊರ ಉಸಾಬರಿ ನಮಗೇಕೆ’ ಎನ್ನುವ ಹಕ್ಕು ಅಮೆರಿಕದವರದಾಗಿತ್ತು.

ಹಾಗೆ ಹೇಳದವರಲ್ಲಿ ಒಬ್ಬಳು ಆಗ್ನೆಸ್ ಸ್ಮೆಡ್ಲಿ. ಬಡ ಕುಟುಂಬದಿಂದ ಬಂದ ಈ ಅಮೆರಿಕನ್ ಹೆಣ್ಣುಮಗಳು ಲಜಪತರಾಯರ ಬಳಗಕ್ಕೆ ಬಂದಳು, ಭಾರತದ ಇತಿಹಾಸ ಕಲಿತಳು, ಭಾರತೀಯ ಕ್ರಾಂತಿಕಾರರಿಗೆ ನೆರವಾದ ಆರೋಪದ ಮೇಲೆ 1918ರಲ್ಲಿ ಬಂಧನಕ್ಕೊಳಗಾಗಿ ನ್ಯೂಯಾರ್ಕಿನ ಜೈಲು ಕಂಡಳು. ಮುಂದೆ ಪತ್ರಕರ್ತೆಯಾಗಿ ಚೀನಾಕ್ಕೆ ಹೋದಳು. 1937ರಲ್ಲಿ ಜಪಾನ್ ಚೀನಾದ ಮೇಲೆ ಪೂರ್ಣ ದಂಡೆತ್ತಿ ಬಂದಾಗ, ಗಾಯಾಳುಗಳಿಗೆ ವೈದ್ಯರಿಲ್ಲ ಎಂಬ ಮನವಿ ಚೀನೀ ದಂಡನಾಯಕ ಝು ದೆಯಿಂದ ನೆಹರೂ ಅವರಿಗೆ ಬಂತು. ಆ ಮನವಿಯ ಬೆನ್ನಿಗೆ ಸ್ಮೆಡ್ಲಿಯೂ ಇದ್ದಳು. ನಮ್ಮ ಪರ ಜೈಲಿಗೆ ಹೋದವಳು ಇಪ್ಪತ್ತು ವರ್ಷಗಳ ಮೇಲೆ ಇನ್ನೊಬ್ಬರ ಪರವಾಗಿ ನಮ್ಮ ಬಾಗಿಲು ತಟ್ಟಿದಳು.

ಬಾಗಿಲು ತೆರೆಯಿತು. ಸುಭಾಷಚಂದ್ರ ಬೋಸರು ಕಾಂಗ್ರೆಸ್ ಅಧ್ಯಕ್ಷರಾಗಿದ್ದ 1938ರಲ್ಲಿ ‘ಚೀನಾ ದಿನ’ ಆಚರಿಸಿ ಚಂದಾ ಎತ್ತಲಾಯಿತು. ಗುಲಾಮ ದೇಶವೊಂದು ತನ್ನ ಬಡಜನರಿಂದ ಕಾಸು ಕೂಡಿಸಿ ಐವರು ವೈದ್ಯರನ್ನು ಕಳಿಸಿತು. ಅವರಲ್ಲಿ ಒಬ್ಬರು ಸೊಲ್ಲಾಪುರದ ದ್ವಾರಕಾನಾಥ ಕೋಟಣೀಸ್. ಅವರ ಮನೆಮಾತು ಕನ್ನಡವಲ್ಲದಿದ್ದರೂ ಸೊಲ್ಲಾಪುರದ ಪೇಟೆಯಲ್ಲಿ ಕನ್ನಡ ಕಿವಿಗೆ ಬೀಳದೆ ಬೆಳೆದವರು ಯಾರು? ಕೋಟಣೀಸರು ಚೀನೀ ಭಾಷೆ ಕಲಿತರು, ಅದರಲ್ಲೇ ಪಾಠ ಹೇಳಿದರು, ಅಲ್ಲಿಯ ದಾದಿಯೊಬ್ಬರನ್ನು ಮದುವೆಯಾದರು, ರಣರಂಗದ ಹಿಂದಿನ ಹಳ್ಳಿಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತ 1942ರ ಡಿಸೆಂಬರ್ 9ರಂದು ತಮ್ಮ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹರ್ಡೀಕರರ ಸೇವಾದಳದಲ್ಲಿ ಹೆಂಗಸರ ವಿಭಾಗ ಕಟ್ಟಿದ್ದ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಆ ಯುದ್ಧದ ನಡುವೆ ಚೀನಾದಲ್ಲಿ ಓಡಾಡಿ ಕಂಡದ್ದನ್ನು ಪುಸ್ತಕವಾಗಿ ಬರೆದರು.

1962ರ ಭಾರತ-ಚೀನಾ ಯುದ್ಧ ಬಂದಾಗ ಈ ನೆನಪಿಗೆ ಮುಜುಗರ ಅಂಟಿಕೊಂಡಿತು. ಚೀನಾಕ್ಕೆ ಯಾಕೆ ವೈದ್ಯರನ್ನು ಕಳಿಸಿದೆವೋ ಎಂದು ಕೇಳಿದವರುಂಟು. ಈ ಪ್ರಶ್ನೆಯಲ್ಲಿಯೇ ಒಂದು ಗಲಿಬಿಲಿ ಇದೆ. ಕೋಟಣೀಸರು ಹೊಲಿಗೆ ಹಾಕಿದ್ದು ಒಂದು ಸರ್ಕಾರಕ್ಕಲ್ಲ, ತೊಡೆ ಹರಿದುಕೊಂಡ ರೈತನಿಗೆ. ಸರ್ಕಾರಗಳು ನಾಳೆ ಹಗೆಯಾಗುತ್ತವೆ ಎಂಬ ಭಯದಿಂದ ಇಂದಿನ ಗಾಯಾಳುವನ್ನು ಬಿಡಬೇಕೆಂದರೆ ಯಾರಿಗೂ ಯಾವತ್ತೂ ಹೊಲಿಗೆ ಬೀಳುವುದಿಲ್ಲ.

ದೂರದವರ ಪರ ಮಾತಾಡುವುದರಲ್ಲಿ ತಪ್ಪುದಾರಿಯೂ ಉಂಟು. ಅದರ ಪಾಠವೂ ಇದೇ ಜಿಲ್ಲೆಯಲ್ಲಿದೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಸೇರಿದಾಗ ಬೆಳಗಾವಿಯಲ್ಲಿ ಖಿಲಾಫತ್ ಪರಿಷತ್ತೂ ನಡೆಯಿತು. ಯುದ್ಧದಲ್ಲಿ ಸೋತ ತುರ್ಕಿಯ ಖಲೀಫನ ಪರವಾಗಿ ಭಾರತ ಎತ್ತಿದ ದನಿ ಸಣ್ಣದಲ್ಲ. ಹಿಂದೂ-ಮುಸಲ್ಮಾನರು ಒಂದೇ ಮೆರವಣಿಗೆಯಲ್ಲಿ ನಡೆದ ಅಪರೂಪದ ವರ್ಷಗಳನ್ನು ಅದು ಕೊಟ್ಟಿತು. ಆದರೆ ಅದೇ ವರ್ಷದ ಮಾರ್ಚಿನಲ್ಲಿ ತುರ್ಕರು ತಾವಾಗಿಯೇ ಖಿಲಾಫತ್ತನ್ನು ರದ್ದು ಮಾಡಿಬಿಟ್ಟಿದ್ದರು. ಯಾರಿಗಾಗಿ ಕೂಗುತ್ತಿದ್ದೆವೋ ಅವರಿಗೇ ಅದು ಬೇಡವಾಗಿತ್ತು. ನೊಂದವರ ಬಾಯಿಂದ ಕೇಳದೆ ನಮ್ಮ ಕಲ್ಪನೆಯ ನೊಂದವರಿಗಾಗಿ ಮಾತಾಡಿದರೆ ಹೀಗಾಗುತ್ತದೆ.

ಕೆಲವೊಮ್ಮೆ ಯುದ್ಧದ ನೊಂದವರು ಬಾಗಿಲಿಗೇ ಬರುತ್ತಾರೆ. 1943ರಿಂದ 1948ರವರೆಗೆ ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ ಸುಮಾರು 5,000 ಪೋಲೆಂಡಿನವರ ಶಿಬಿರವಿತ್ತು. ಹುಕ್ಕೇರಿ, ಸಂಕೇಶ್ವರದವರಿಗೆ ಕೊಲ್ಹಾಪುರವೆಂದರೆ ಅಂಬಾಬಾಯಿಯ ದರ್ಶನಕ್ಕೆ, ಸಂತೆ ಸರಕಿಗೆ ಹೋಗಿಬರುವ ಊರು. ಸೋವಿಯತ್ ಸರ್ಕಾರ ಸೈಬೀರಿಯಕ್ಕೆ ಅಟ್ಟಿದ್ದ ಕುಟುಂಬಗಳು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು, ಇರಾನಿನ ದಾರಿಯಾಗಿ ಬಂದು ಇಲ್ಲಿ ಐದು ವರ್ಷ ಕಳೆದರು. ಖರ್ಚು ಹೊತ್ತದ್ದು ಬಹುಮಟ್ಟಿಗೆ ಲಂಡನ್ನಿನಲ್ಲಿದ್ದ ಅವರದೇ ಸರ್ಕಾರ, ಜಾಗ ಕೊಲ್ಹಾಪುರ ಸಂಸ್ಥಾನದ್ದು. ನಮ್ಮ ಔದಾರ್ಯವನ್ನು ಬೆಳೆಸಿ ಹೇಳುವುದು ಬೇಡ. ಆದರೆ ಆಗ ಬಂಗಾಳ ಹಸಿವಿನಿಂದ ಸಾಯುತ್ತಿತ್ತು, ಬಿಜಾಪುರ ಜಿಲ್ಲೆಯಲ್ಲಿ ಬರ ಕೂತಿತ್ತು. ‘ನಮ್ಮವರೇ ಸಾಯುತ್ತಿರುವಾಗ’ ಎಂಬ ವಾದಕ್ಕೆ ಅದಕ್ಕಿಂತ ತಕ್ಕ ವರ್ಷ ಸಿಗಲಾರದು. ಆದರೂ ಆ ಮಕ್ಕಳು ವಳಿವಡೆಯಲ್ಲಿ ಶಾಲೆ ಕಲಿತರು. ವಾರ್ಸಾದಲ್ಲಿ ಇಂದು ಕೊಲ್ಹಾಪುರದ ಹೆಸರಿನ ಸ್ಮಾರಕವಿದೆ; 2024ರಲ್ಲಿ ಭಾರತದ ಪ್ರಧಾನಿ ಅಲ್ಲಿ ಹೂವಿಟ್ಟರು.

ಮಾನ್ಯರೆ, ಇನ್ನು ನಮ್ಮ ಕಾಲಕ್ಕೆ ಬರುತ್ತೇನೆ.

2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ನಮ್ಮ ಅಡುಗೆಮನೆಗಳಿಗೆ ಮೊದಲು ಸುದ್ದಿ ಮುಟ್ಟಿಸಿದ್ದು ಸೂರ್ಯಕಾಂತಿ ಎಣ್ಣೆ. ಅದರ ದೊಡ್ಡ ಪಾಲು ಉಕ್ರೇನಿನಿಂದ ಬರುತ್ತಿತ್ತು. ಕಬ್ಬಿನ ಹೊಲಗಳಿಗೆ ಸುದ್ದಿ ಮುಟ್ಟಿಸಿದ್ದು ಪೊಟ್ಯಾಷ್ ಗೊಬ್ಬರದ ದರ. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಯಲ್ಲಿ ತೀರಿಕೊಂಡ. ಕರ್ನಾಟಕವೆಲ್ಲ ಮರುಗಿತು, ಮರುಗಬೇಕಾದದ್ದೇ. ಉಳಿದ ಮಕ್ಕಳು ವಿಮಾನವೇರಿ ಬಂದರು. ಖಾರ್ಕಿವ್ ಮೇಲೆ ಶೆಲ್ ಬೀಳುವುದು ಆಮೇಲೂ ನಿಲ್ಲಲಿಲ್ಲ. ನಿಂತದ್ದು ಅದರ ಹೆಸರನ್ನು ನಾವು ಹೇಳುವುದು.

ಇದಕ್ಕಿಂತ ತೀಕ್ಷ್ಣವಾದ ಉದಾಹರಣೆ ಸುಡಾನಿನದು. 2023ರ ಏಪ್ರಿಲ್ 15ರಂದು ಅಲ್ಲಿ ಸೈನ್ಯಕ್ಕೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಹತ್ತಿತು. ಗಿಡಮೂಲಿಕೆ, ಕೂದಲೆಣ್ಣೆ ಮಾರಲು ಆಫ್ರಿಕದ ದೇಶದೇಶ ತಿರುಗುವ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಬಿದ್ದಿದ್ದರು; ಅವರಲ್ಲಿ 31 ಮಂದಿ ಇದ್ದ ಊರು ಎಲ್ ಫಾಶರ್, ಉತ್ತರ ದಾರ್ಫುರದ ರಾಜಧಾನಿ. ವಿಧಾನಸಭೆಯ ಚುನಾವಣೆ ಹತ್ತಿರವಿತ್ತು. ಅವರನ್ನು ಕರೆತರುವ ವಿಷಯ ಆಗಿನ ವಿರೋಧ ಪಕ್ಷದ ನಾಯಕರ ಮತ್ತು ವಿದೇಶಾಂಗ ಸಚಿವರ ನಡುವಿನ ಬಹಿರಂಗ ವಾಗ್ವಾದವೇ ಆಯಿತು. ಕೆಲವು ದಿನ ಎಲ್ ಫಾಶರ್ ಕನ್ನಡ ಪತ್ರಿಕೆಗಳ ಮುಖಪುಟದ ಊರು. ‘ಆಪರೇಷನ್ ಕಾವೇರಿ’ ಎಂಬ ನಮ್ಮ ನದಿಯ ಹೆಸರಿನಲ್ಲೇ ಕಾರ್ಯಾಚರಣೆ ನಡೆಯಿತು, ನಮ್ಮವರು ಮರಳಿದರು, ಒಳ್ಳೆಯದಾಯಿತು.

ಆಮೇಲೆ? 2024ರ ಮೇ ಹೊತ್ತಿಗೆ ಅದೇ ಎಲ್ ಫಾಶರ್‌ಗೆ ಆರ್‌ಎಸ್‌ಎಫ್ ಮುತ್ತಿಗೆ ಹಾಕಿತು. ಅದು ಸುಮಾರು ಒಂದೂವರೆ ವರ್ಷ ನಡೆಯಿತು, ಕೂತ್‌ನ ಮುತ್ತಿಗೆಯ ಮೂರು ಪಟ್ಟಿಗೂ ಹೆಚ್ಚು. 2025ರ ಅಕ್ಟೋಬರ್ 26ರಂದು ಊರು ಬಿದ್ದಿತು, ಆಸ್ಪತ್ರೆಯೊಳಗಿನ ರೋಗಿಗಳನ್ನೂ ಬಿಡದ ಸಾಮೂಹಿಕ ಕೊಲೆಗಳು ನಡೆದವು. ನಮ್ಮ ಮುಖಪುಟಗಳಲ್ಲಿ ಆ ಊರು ಮತ್ತೆ ಆ ಜಾಗಕ್ಕೆ ಬರಲಿಲ್ಲ. 2023ರಲ್ಲಿ ಎಲ್ ಫಾಶರ್ ನಮಗೆ ಹತ್ತಿರವಾಗಿತ್ತು, 2025ರಲ್ಲಿ ದೂರವಾಯಿತು. ನಕಾಶೆಯಲ್ಲಿ ಅದು ಇದ್ದಲ್ಲೇ ಇದೆ. ಧೃತರಾಷ್ಟ್ರನ ಕಿವಿ ಎಂದು ನಾನು ಹೇಳಿದ್ದು ಇದಕ್ಕೇ. ನಮ್ಮವರ ಬಗ್ಗೆ ಕೇಳಿದೆವು, ಉತ್ತರ ಸಿಕ್ಕಿತು, ಸಂಜಯನಿಗೆ ಇನ್ನು ಸಾಕು ಎಂದೆವು. ನೀರು ಇಳಿದ ಮೇಲೂ ಮರೆಯದಿರಲಿ ಎಂಬ ನಮ್ಮದೇ ಮೂರನೆಯ ಬಯಕೆಗೆ ಇದು ನಾವು ಕೊಟ್ಟ ಉತ್ತರ.

ಇನ್ನೊಂದು ಕಹಿ ಮಾತನ್ನೂ ಆಡಿಬಿಡಬೇಕು. ದೂರದ ನೊಂದವರ ಪರ ನಮ್ಮ ಊರುಗಳಲ್ಲಿ ಏಳುವ ದನಿ ಬರಬರುತ್ತ ಜಾತಿ-ಧರ್ಮದ ಓಣಿಗಳಲ್ಲಿ ಹಂಚಿಹೋಗಿದೆ. ಒಂದು ಓಣಿಗೆ ಗಾಜಾದ ಮಕ್ಕಳು ಮಾತ್ರ ಕಾಣುತ್ತಾರೆ, ಇನ್ನೊಂದು ಓಣಿಗೆ 2023ರ ಅಕ್ಟೋಬರ್ 7ರಂದು ಕೊಲೆಯಾದ, ಒತ್ತೆಯಾಳಾಗಿ ಒಯ್ಯಲ್ಪಟ್ಟ ಇಸ್ರೇಲಿಗಳು ಮಾತ್ರ. ಬಾಂಗ್ಲಾದೇಶದ ಹಿಂದೂಗಳ ಸಂಕಟ ಒಬ್ಬರಿಗೆ ಘೋಷಣೆ, ಇನ್ನೊಬ್ಬರಿಗೆ ಅನುಮಾನ. ಎರಡೂ ಕಡೆಯ ಸಾವನ್ನು ತಕ್ಕಡಿಗಿಟ್ಟು ಸರಿತೂಗಿಸಿರಿ ಎಂದು ನಾನು ಹೇಳುತ್ತಿಲ್ಲ. ಗಾಜಾದಲ್ಲಿ ಸತ್ತವರ ಸಂಖ್ಯೆ ಹತ್ತಾರು ಸಾವಿರ. ಹೆಚ್ಚು ಸತ್ತಲ್ಲಿ ಹೆಚ್ಚು ಅಳುವುದು, ಕೊಲ್ಲುವ ಬಲ ಯಾರ ಕೈಯಲ್ಲಿ ಹೆಚ್ಚಿದೆ ಎಂದು ಕೇಳುವುದು ನ್ಯಾಯವೇ. ನನ್ನ ಒರೆಗಲ್ಲು ಅಭಿಮನ್ಯು. ನನ್ನ ಪಕ್ಷದವರು ಕೊಂದ ಮಗುವಿನ ಮುಂದೆ ನಾನು ನಿಲ್ಲಬಲ್ಲೆನೆ? ನಿಲ್ಲಲಾರದವನ ದನಿ ಎಷ್ಟೇ ದೊಡ್ಡದಿದ್ದರೂ ಅದು ಸೇನೆಯ ಕಹಳೆಯೇ ಹೊರತು ನೊಂದವರ ಪರವಾದ ಮಾತಲ್ಲ.

ಮಾತೆಂದಾಗ ಭಾಷೆಯ ವಿಚಾರ ಬರುತ್ತದೆ. ಯುದ್ಧವನ್ನು ನಾವು ಯಾವ ಕನ್ನಡದಲ್ಲಿ ಹೇಳುತ್ತಿದ್ದೇವೆ? ಟಿವಿಯ ಕನ್ನಡದಲ್ಲಿ ಊರುಗಳು ‘ಉಡೀಸ್’ ಆಗುತ್ತವೆ, ಕ್ಷಿಪಣಿಗಳು ಸಿಕ್ಸರಿನಂತೆ ಹಾರುತ್ತವೆ. ಪತ್ರಿಕೆಯ ಕನ್ನಡದಲ್ಲಿ ಇಷ್ಟು ಮಂದಿ ‘ಬಲಿ’. ಈ ಬಲಿ ಎಂಬ ಪದವನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ! ಬಲಿ ಎಂದರೆ ದೇವತೆಗೆ ಕೊಟ್ಟದ್ದು. ಕೊಡುವವರು, ಕೊಳ್ಳುವವರು, ಫಲ ಬೇಡುವವರು ಇರಬೇಕು. ಮಲಗಿದ್ದ ಮಗುವಿನ ಮೇಲೆ ಸೂರು ಬಿದ್ದರೆ ಅದು ಯಾವ ದೇವತೆಗೆ ಬಲಿ? ಕೊಂದವರ ಹೆಸರು ಹೇಳುವ ತೊಂದರೆ ತಪ್ಪಿಸಿಕೊಳ್ಳಲು ಇಷ್ಟು ಅನುಕೂಲವಾದ ಪದ ಇನ್ನೊಂದಿಲ್ಲ.

ಬೇರೆ ಕನ್ನಡವೂ ನಮ್ಮಲ್ಲಿದೆ. 1857ರಲ್ಲಿ ಆಯುಧ ಒಪ್ಪಿಸುವ ಕಾಯ್ದೆಯ ವಿರುದ್ಧ ನಿಂತ ಹಲಗಲಿಯ ಬೇಡರನ್ನು ಬ್ರಿಟಿಷರು ಸದೆಬಡಿದರು; ಹಲಗಲಿ ಮುಧೋಳದ ಸೀಮೆಯದು. ಅದರ ಮೇಲೆ ಕಟ್ಟಿದ ಲಾವಣಿಯನ್ನು 1880ರ ದಶಕದಲ್ಲಿ ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಸಂಗ್ರಹಿಸಿ ಅಚ್ಚು ಹಾಕಿಸಿದ್ದು ಇತಿಹಾಸದ ಚೋದ್ಯ. ಆ ಲಾವಣಿಕಾರ ಸೈನ್ಯ ಲೂಟಿ ಮಾಡಿದ್ದನ್ನು ಪಟ್ಟಿ ಮಾಡುತ್ತಾನೆ: ಕೊಡಲಿ, ಮೊಸರು, ಬೆಣ್ಣೆ, ಉಪ್ಪು, ಜೀರಿಗೆಯಿಂದ ಹಿಡಿದು ಬೀಸುಕಲ್ಲಿನವರೆಗೆ. ಬೀಸುಕಲ್ಲನ್ನೂ ಬಿಡಲಿಲ್ಲವೆಂದರೆ ಆ ಮನೆಯಲ್ಲಿ ಮರುದಿನ ರೊಟ್ಟಿ ಇಲ್ಲ ಎಂದು ಕೇಳುವ ಹೆಂಗಸಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯುದ್ಧದ ನಕಾಶೆ ಅವನಲ್ಲಿಲ್ಲ, ಮನೆಯ ಸಾಮಾನಿದೆ.

ಆ ಲಾವಣಿಕಾರನ ಕಣ್ಣಿನಿಂದ ಎಲ್ ಫಾಶರನ್ನು ನೋಡಿ. ಮುತ್ತಿಗೆಯ ಕೊನೆಯ ತಿಂಗಳುಗಳಲ್ಲಿ ಅಲ್ಲಿಯ ಜನ ‘ಅಂಬಾಜ್’ ತಿಂದು ಬದುಕಿದರೆಂದು ವಿಶ್ವಸಂಸ್ಥೆಯ ವರದಿಗಾರರೂ ಪತ್ರಕರ್ತರೂ ಬರೆದರು. ಅಂಬಾಜ್ ಎಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ. ಮೂಡಲಗಿಯ ಯಾವ ರೈತನಿಗೂ ಇದಕ್ಕೆ ಟಿಪ್ಪಣಿ ಬೇಡ; ಎಮ್ಮೆಯ ಮುಂದೆ ಇಡುವ ಹಿಂಡಿ ಮಗುವಿನ ಮುಂದೆ ಬಂದರೆ ಏನೆಂದು ಅವನಿಗೆ ಗೊತ್ತು. ಸುಡಾನಿಗೂ ನಮಗೂ ಇನ್ನೊಂದು ನಂಟಿದೆ: ಗೋಕಾಕದ ಸಿಹಿತಿನಿಸು ಕರದಂಟು ಎಂದರೆ ಕರಿದ ಅಂಟು. ಜಾಲಿ ಜಾತಿಯ ಮರಗಳ ಅಂಟಿನಲ್ಲಿ ಜಗತ್ತಿಗೇ ಮೊದಲ ನಾಡು ಸುಡಾನ್. ಕೊರ್ದೊಫಾನ್, ದಾರ್ಫುರದ ಹಳ್ಳಿಗರು ತೊಗಟೆ ಕೆತ್ತಿ ಅಂಟು ಕೂಡಿಸುತ್ತಾರೆ, ಯುದ್ಧ ಬಂದ ಮೇಲೆ ಆ ಅಂಟಿನ ದಾರಿಗಳಲ್ಲಿ ಬಂದೂಕು ಹಿಡಿದವರು ಸುಂಕ ಕೀಳುತ್ತಾರೆ. ಅಂಟಿನ ಬೆಲೆ ಬಲ್ಲ ಊರಿಗೆ ಅಂಟಿನ ನಾಡಿನ ಬಗ್ಗೆ ಮಾತಾಡಲು ಯಾರ ಅಪ್ಪಣೆ ಬೇಕು?

‘ಮಾತಾಡಿ ಏನು ಪ್ರಯೋಜನ?’ ಎಂಬ ಪ್ರಶ್ನೆ ಉಳಿಯಿತು. ಬಹುಪಾಲು ಸಲ ಕಣ್ಣಿಗೆ ಕಾಣುವ ಪ್ರಯೋಜನವಿಲ್ಲ, ಒಪ್ಪಿಕೊಳ್ಳೋಣ. ಸಂಜಯ ಹೇಳಿದ್ದರಿಂದ ಕುರುಕ್ಷೇತ್ರ ನಿಲ್ಲಲಿಲ್ಲ. ಕೆಲವು ಸಲ ಪ್ರಯೋಜನ ನಿಧಾನವಾಗಿ ಬರುತ್ತದೆ: ದಕ್ಷಿಣ ಆಫ್ರಿಕದೊಂದಿಗೆ ಭಾರತ ವ್ಯಾಪಾರ ನಿಲ್ಲಿಸಿದ್ದು 1946ರಲ್ಲಿ, ಸ್ವತಃ ಸ್ವತಂತ್ರವಾಗುವ ಮುಂಚೆಯೇ, ಅಲ್ಲಿಯ ವರ್ಣಭೇದ ಕೊನೆಗೊಂಡದ್ದು 1994ರಲ್ಲಿ. ನಮ್ಮ ಸಂವಿಧಾನದ 51ನೆಯ ಅನುಚ್ಛೇದ ಅಂತರರಾಷ್ಟ್ರೀಯ ಶಾಂತಿಗಾಗಿ ಶ್ರಮಿಸಬೇಕೆಂದು ಪ್ರಭುತ್ವಕ್ಕೆ ಹೇಳುತ್ತದೆ. ಪ್ರಜೆಗಳು ಸುಮ್ಮನಿದ್ದರೆ ಆ ಸಾಲು ಪುಸ್ತಕದಲ್ಲೇ ಇರುತ್ತದೆ. ಇನ್ನು ಕೆಲವು ಸಲ ಮಾತಿನ ಫಲ ಮಾತಾಡಿದವರಿಗೆ ತಿಳಿಯುವುದೇ ಇಲ್ಲ. 1918ರಲ್ಲಿ ನ್ಯೂಯಾರ್ಕಿನ ಜೈಲಿನಲ್ಲಿದ್ದಾಗ ಸ್ಮೆಡ್ಲಿಗೆ ಸೊಲ್ಲಾಪುರದ ಎಂಟು ವರ್ಷದ ಹುಡುಗನ ಸುದ್ದಿ ಹೇಗೆ ಗೊತ್ತಿರಬೇಕು?

ಹಾಗಾದರೆ ಎಲ್ಲಿಂದ ಆರಂಭಿಸುವುದು? ಮನವಿ ಪತ್ರ, ಮೆರವಣಿಗೆ ಆಮೇಲಿನ ಮಾತು. ಮೊದಲ ಕೆಲಸ ಕೇಳುವುದು. ಖಿಲಾಫತ್ತಿನಲ್ಲಿ ನಾವು ಮಾಡದೆ ಬಿಟ್ಟದ್ದು ಅದನ್ನೇ. ಕೇಳಲು ಸುಡಾನಿಗೆ ಹೋಗಬೇಕಾಗಿಲ್ಲ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ, ಶಿವಮೊಗ್ಗ, ಚನ್ನಗಿರಿಯ ಕಡೆಯ ಹಕ್ಕಿಪಿಕ್ಕಿ ಕಾಲೊನಿಗಳಲ್ಲಿ ಸುಡಾನಿನ ಬೀದಿಗಳನ್ನು ತಿರುಗಿದವರಿದ್ದಾರೆ. ಅಲ್ಲಿಯ ಬಾಡಿಗೆ ಕೋಣೆಗಳಲ್ಲಿ ಇದ್ದವರು, ಅಲ್ಲಿಯ ನೀರು ಕುಡಿದವರು, ಅಲ್ಲಿಯ ಹೆಂಗಸರ ತಲೆಗೂದಲಿನ ದೂರುಗಳನ್ನು ಕೇಳಿಸಿಕೊಂಡು ಎಣ್ಣೆ ಮಾರಿದವರು. ಮನೆಯಲ್ಲಿ ವಾಗ್ರಿ, ಪೇಟೆಯಲ್ಲಿ ಕನ್ನಡ ಆಡುವ ಜನ. ವಿಮಾನ ಇಳಿದ ದಿನ ಎಲ್ಲರೂ ಅವರನ್ನು ಕೇಳಿದ್ದು ನೀವು ಹೇಗೆ ಪಾರಾಗಿ ಬಂದಿರಿ ಎಂದು. ನಿಮ್ಮಿಂದ ಎಣ್ಣೆ ಕೊಂಡವರು ಈಗ ಎಲ್ಲಿದ್ದಾರೆ, ಅವರ ಹೆಸರೇನು, ನಿಮಗೆ ಕೋಣೆ ಕೊಟ್ಟವರ ಓಣಿ ಯಾವುದು ಎಂದು ಅವರನ್ನು ಕೂರಿಸಿಕೊಂಡು ಕೇಳುವುದು ಬಾಕಿ ಇದೆ.